ನೆಲ ಮುಟ್ಟುವ ಲಂಗ

ಆ ದಿನ ಬೆಳಿಗ್ಗೆ ನಾನು ಮಾಡಿದ್ದು ಹತ್ತು ನಿಮಿಷದ ಕೆಲಸ. ನಮ್ಮ ಪಿಕಪ್ ಅಂಗಡಿಯ ಮುಂದೆ ರಸ್ತೆ ಬದಿಯಲ್ಲಿ ನಿಂತಿತ್ತು. ಬಾನೆಟ್ ಮೇಲೆ ಹಿಮ ಉಪ್ಪು ಚೆಲ್ಲಿದ ಹಾಗೆ ಕೂತಿತ್ತು. ನಮ್ಮವರು ಚೊಂಬಿನಲ್ಲಿ ನೀರು ತಂದು ಮುಂದಿನ ಗಾಜಿಗೆ ಸುರಿಯುತ್ತಿದ್ದರು. ನಾನು ಹೊದ್ದ ಶಾಲು ಇನ್ನೂ ತೆಗೆದಿರಲಿಲ್ಲ.

“ಅಮ್ಮೀ, ಸೀಟಿನ ಲಂಗ ಕಿತ್ಕಂಡದೆ. ಕ್ಲಚ್ ತುಳಿಯಕ್ಕೆ ಹೋದ್ರೆ ಕಾಲಿಗೆ ತೊಡರ್ಕತದೆ” ಎಂದರು.

“ನಾಳೀಕೆ ನೋಡನ ಬುಡಿ. ಬೆರಳು ಮಡಿಸಕ್ಕೇ ಆಯ್ತಾ ಇಲ್ಲ.”

“ಊರೋರಿಗೆಲ್ಲ ಹೊಲ್ಕೊಡ್ತೀಯ, ಮನೆ ಗಾಡಿ ಮಾತ್ರ ಹರುಕ್ಲು. ಸೀಟು ಹೊಲಿಯೋಳ ಗಂಡನ ಸೀಟು ನೋಡ್ರಪ್ಪ ಅಂತ ನಗ್ತಾರೆ.”

ನಾನು ಗೊಣಗಿಕೊಂಡೇ ಬಾಗಿದ ಸೂಜಿ, ಮೇಣ ಉಜ್ಜಿದ ದಾರ ತಂದೆ.

ನಮ್ಮದು ಗಾಡಿಗಳ ಸೀಟು ಹೊಲಿಯುವ ಅಂಗಡಿ, ಊಟಿಯಿಂದ ಸೋಲೂರಿಗೆ ಹೋಗುವ ದಾರಿಯಲ್ಲಿದೆ. ನಾನು ಹೊಲಿಯುತ್ತಿದ್ದೆ, ಅವರು ಗಾಡಿ ಓಡಿಸುತ್ತಿದ್ದರು. ನಮ್ಮ ಕಡೆಯ ಹಳೆಯ ಪಿಕಪ್‌ಗಳು ಹೆಚ್ಚಾಗಿ ಚಹಾ ಎಲೆ ಹೊರುವವು. ಒಂದು ಹಟ್ಟಿಯಿಂದ ಇನ್ನೊಂದು ಹಟ್ಟಿಗೆ, ಅಂದರೆ ಈ ಬೆಟ್ಟದ ಬಡಗ ಜನರ ಒಂದು ಊರಿನಿಂದ ಇನ್ನೊಂದಕ್ಕೆ ಹೋಗಿ, ಎಲೆಯ ಮೂಟೆ ಎತ್ತಿಕೊಂಡು ಫ್ಯಾಕ್ಟರಿಗೆ ಇಳಿಸುತ್ತವೆ. ಎಲೆ ಇಲ್ಲದ ತಿಂಗಳಲ್ಲಿ ಕ್ಯಾರೆಟ್, ಕೋಸು. ಹಿಂದೆ ಜಾಗ ಸಾಲದಿದ್ದರೆ ಡ್ರೈವರ್ ಪಕ್ಕದಲ್ಲೂ ಮೂಟೆ ತುರುಕುತ್ತಾರೆ. ಎಲೆಚೂರು, ಮಣ್ಣು ಸೀಟಿನಡಿಗೆ ಸೇರಿ, ಸೀಟು ಹಿಂದೆ ಮುಂದೆ ಜಾರುವ ಎರಡು ಕಬ್ಬಿಣದ ಹಳಿಗಳಲ್ಲಿ ಕಟ್ಟಿಕೊಳ್ಳುತ್ತವೆ. ಅದನ್ನು ತಡೆಯಲು ನಾನು ಸೀಟಿನ ಕೆಳ ಅಂಚಿಗೆ ರೆಕ್ಸಿನ್ ಪಟ್ಟಿಯೊಂದನ್ನು ನೆಲ ಮುಟ್ಟುವ ಹಾಗೆ ಇಳಿಬಿಟ್ಟು, ಮೂಲೆಗಳನ್ನು ಕೂಡಿಸಿ ಹೊಲಿಯುತ್ತಿದ್ದೆ. ಡ್ರೈವರುಗಳು ತಮಾಷೆಗೆ ಅದನ್ನು ಲಂಗ ಎಂದರು. ಹೆಸರು ನಿಂತಿತು. ಎಫ್‌ಸಿಗೆ, ಅಂದರೆ ಗಾಡಿ ಓಡಲು ಯೋಗ್ಯವೆಂಬ ಸರ್ಕಾರಿ ಪತ್ರಕ್ಕೆ, ಗಾಡಿ ತೋರಿಸುವ ಮುಂಚೆ ಬಣ್ಣ ಹೊಡೆಸಿ, ನನ್ನ ಹತ್ತಿರ ಲಂಗ ಹಾಕಿಸಿಕೊಂಡು ಹೋಗುವುದು ರೂಢಿಯಾಯಿತು. ಅಡಿಯ ತುಕ್ಕು ಕಾಣುತ್ತಿರಲಿಲ್ಲ. ಅಚ್ಚುಕಟ್ಟಾಗಿರುತ್ತಿತ್ತು. ನನಗೆ ಅದರ ಬಗ್ಗೆ ಹೆಮ್ಮೆ ಇತ್ತು.

ನಾನು ಆ ಬೆಳಿಗ್ಗೆ ರಸ್ತೆಯಲ್ಲಿ ಗೋಣಿ ಹಾಸಿ ಮೊಣಕಾಲೂರಿ ಕೂತು, ಬಿಟ್ಟುಹೋಗಿದ್ದ ಮೂಲೆಯನ್ನು ಹೊಲಿದೆ. ಹೊಲಿಯುವಾಗ ಸೂಜಿಯ ತುದಿ ಒಳಗೆ ಮರಕ್ಕೆ ತಾಗಿತು. ಆ ಮರ ಏನೆಂದು ನನಗೆ ಗೊತ್ತಿತ್ತು. ಹಳೆಯ ಗಾಡಿಗಳಲ್ಲಿ ಹಳಿಯ ಲಾಕ್ ಸವೆದು ಹಿಡಿತ ಬಿಟ್ಟಿರುತ್ತದೆ. ಸೀಟು ಹಿಂದಕ್ಕೆ ಜಾರದಿರಲೆಂದು ಹಳಿಯೊಳಗೆ ಚಹಾ ಗಿಡದ ಬುಡದ ತುಂಡೊಂದನ್ನು ಬಡಿದು ಕೂರಿಸುವುದು ಇಲ್ಲಿನವರ ಉಪಾಯ. ಹಳೆಯ ತೋಟ ಕಿತ್ತಾಗ ಸಿಗುವ ಬುಡ. ಮೊಳೆಯೂ ಇಳಿಯದಷ್ಟು ಗಟ್ಟಿ. ನಮ್ಮ ಗಾಡಿಯಲ್ಲೂ ಅಂಥದೊಂದು ತುಂಡು ಇತ್ತು.

ನಾನು ಗಂಟು ಹಾಕಿ ಹಲ್ಲಲ್ಲಿ ದಾರ ಕಡಿದೆ. ಅವರು ಹತ್ತಿ ಕೂತು, ಕ್ಲಚ್ ತುಳಿದು ನೋಡಿ, “ಈಗ ಮದುವಣಗಿತ್ತಿ ಹಂಗದೆ ನೋಡು” ಎಂದರು. ಮಧ್ಯಾಹ್ನ ಊಟಕ್ಕೆ ಬರುವುದಾಗಿಯೂ ಕೋಸಿನ ಪಲ್ಯ ಮಾತ್ರ ಬೇಡವೆಂದೂ ಹೇಳಿದರು. ವಾರವೆಲ್ಲ ಕೋಸು ಹೊತ್ತು ಅದರ ವಾಸನೆಯೇ ಬೇಸರ ಬಂದಿತ್ತು.

ಹನ್ನೊಂದರ ಹೊತ್ತಿಗೆ ಫೋನ್ ಬಂತು.

ಸೋಲೂರಿನ ಆಚೆ, ಹೊಲದಿಂದ ರಸ್ತೆಗೆ ಹತ್ತುವ ಕಡಿದಾದ ಮಣ್ಣುದಾರಿ. ಹಿಂದೆ ಕ್ಯಾರೆಟ್ ಮೂಟೆ ತುಂಬಿತ್ತು. ಮೊದಲ ಗೇರಿನಲ್ಲಿ ಹತ್ತುತ್ತಿದ್ದ ಗಾಡಿ ಮುಕ್ಕಾಲು ದಾರಿಯಲ್ಲಿ ಒಮ್ಮೆ ಅದುರಿ ನಿಂತು, ಹಿಂದಕ್ಕೆ ಉರುಳಿತಂತೆ. ನೋಡಿದವರು ಬ್ರೇಕಿನ ಕೆಂಪು ದೀಪ ಉರಿಯಲೇ ಇಲ್ಲ ಎಂದರು. ಗಾಡಿ ಎರಡು ಮೆಟ್ಟಿಲು ಹೊಲಗಳಷ್ಟು ಕೆಳಗೆ ಬಿದ್ದಿತ್ತು. ಗಾಡಿಯಲ್ಲಿ ಬೇರೆ ಯಾರೂ ಇರಲಿಲ್ಲ.

ಆ ವಾರದ ಬಗ್ಗೆ ನಾನು ಹೆಚ್ಚು ಬರೆಯಲಾರೆ. ಸಂಸ್ಕಾರಕ್ಕೆ ಬಂದವರು ಪಿಸುಗುಟ್ಟಿದ್ದು ಕಿವಿಗೆ ಬೀಳುತ್ತಿತ್ತು. ನಿದ್ದೆಗೆಟ್ಟಿದ್ದ ಎಂದರು ಒಬ್ಬರು. ಕುಡಿದಿರಬೇಕು ಎಂದರು ಇನ್ನೊಬ್ಬರು. ಅವರು ಕುಡಿಯುತ್ತಿರಲಿಲ್ಲ. ಗಾಡಿ ಪರೀಕ್ಷೆಗೆ ಬಂದವರು ಬ್ರೇಕ್ ನೋಡಿ, ಸರಿ ಇದೆ ಎಂದು ಬರೆದರು. ಬ್ರೇಕ್ ಸರಿಯಿದ್ದೂ ತುಳಿದಿಲ್ಲವೆಂದರೆ ಡ್ರೈವರನ ಅಜಾಗರೂಕತೆ ಎಂದಾಯಿತು. ನನಗೂ ಬೇರೇನೂ ಹೊಳೆಯಲಿಲ್ಲ. ನಿದ್ದೆಯೇ ಇರಬೇಕೆಂದು ನಾನೂ ಮನಸ್ಸಿನಲ್ಲಿ ಒಪ್ಪಿಕೊಂಡಿದ್ದೆ. ಅದನ್ನು ಇಲ್ಲಿ ಹೇಳಲು ನಾಚಿಕೆಯಾಗುತ್ತದೆ.

ಒಂದು ತಿಂಗಳಾದ ಮೇಲೆ ಪೊಲೀಸರು ಗಾಡಿಯನ್ನು ಬಿಟ್ಟುಕೊಟ್ಟರು. ನಮ್ಮ ಅಂಗಡಿಗೆ ಮೂರು ಬಾಗಿಲು ಆಚೆ ವೆಲ್ಡಿಂಗ್ ಶೆಡ್ ಇದೆ. ವೆಲ್ಡರ್ ಗೂಡಲೂರು ಕಡೆಯ ಮಲಯಾಳಿ. ನನ್ನನ್ನು ಚೇಚಿ, ಅಂದರೆ ಅಕ್ಕ, ಎಂದೇ ಕರೆಯುತ್ತಾನೆ. ಗಾಡಿಯನ್ನು ಅವನ ಶೆಡ್ಡಿನ ಹಿಂದೆ ತಂದು ನಿಲ್ಲಿಸಿದರು. ಗುಜರಿಯವನು ಗುರುವಾರ ಬಂದು ಒಯ್ಯುವುದೆಂದಾಯಿತು.

ಬುಧವಾರ ನಾನು ಕತ್ತರಿ, ಇಕ್ಕಳ ಹಿಡಿದು ಹೋದೆ. ನನಗೆ ಸೀಟಿನ ಕವರ್ ಬೇಕಿತ್ತು. ಕಡುಹಸಿರು ರೆಕ್ಸಿನ್, ಅಂಚಿಗೆ ಬಿಳಿ ಪೈಪಿಂಗ್. ಅವರೇ ಆರಿಸಿದ ಬಣ್ಣ. ಅದು ಗುಜರಿಗೆ ಹೋಗುವುದು ಬೇಡವೆನ್ನಿಸಿತು. ಬೇರೇನನ್ನೂ ಹುಡುಕಲು ನಾನು ಹೋಗಿರಲಿಲ್ಲ.

ವೆಲ್ಡರ್ ಬಗ್ಗಿದ ಬಾಗಿಲನ್ನು ಸಬ್ಬಲಿನಿಂದ ಮೀಟಿ ತೆಗೆದುಕೊಟ್ಟು, ನಾನೊಬ್ಬಳೇ ಇರಲೆಂದು ಆಚೆ ಹೋದ. ನಾನು ಬೆನ್ನಿನ ಕವರಿನಿಂದ ಶುರುಮಾಡಿದೆ. ಹಿಂಬದಿಯ ತಂತಿಯ ಬಳೆಗಳನ್ನು ಒಂದೊಂದಾಗಿ ಇಕ್ಕಳದಲ್ಲಿ ಬಿಡಿಸಿ, ರೆಕ್ಸಿನನ್ನು ಮೇಲಕ್ಕೆ ಸುಲಿದೆ. ಆಮೇಲೆ ಕೂರುವ ಭಾಗ. ಒಳಗಿನ ಫೋಮ್ ಬಲಗಡೆ ಒಂದು ಬೆರಳು ಹೆಚ್ಚು ತಗ್ಗಿತ್ತು. ಅವರು ಯಾವಾಗಲೂ ಬಾಗಿಲ ಕಡೆ ವಾಲಿ ಕೂರುತ್ತಿದ್ದರು. ಆ ತಗ್ಗಿನ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಕೂತೆ.

ಕೊನೆಗೆ ಲಂಗ. ಆ ದಿನ ಬೆಳಿಗ್ಗೆ ಹೊಲಿದ ಮೂಲೆ ಗಟ್ಟಿಯಾಗಿಯೇ ಇತ್ತು, ಕತ್ತರಿಸಬೇಕಾಯಿತು. ಲಂಗ ಬಿಚ್ಚಿದೊಡನೆ ಒಳಗಿಂದ ಒಣಗಿದ ಎಲೆಚೂರು ಒಂದು ಹಿಡಿ ಉದುರಿತು. ಅದರ ಜೊತೆಗೆ ಚಹಾ ಬುಡದ ತುಂಡು ನೆಲಕ್ಕೆ ಬಿತ್ತು. ಹಳಿಯಲ್ಲಿರಬೇಕಾದದ್ದು ಲಂಗದೊಳಗೆ ಸಡಿಲವಾಗಿ ಬಿದ್ದಿತ್ತು.

ಆಗ ನಾನು ಸೀಟು ಎಲ್ಲಿದೆಯೆಂದು ನೋಡಿದೆ. ಹಳಿಯ ಕಟ್ಟಕಡೆಗೆ ಹೋಗಿತ್ತು. ಅವರು ಅಷ್ಟು ಎತ್ತರದವರಲ್ಲ. ಸೀಟು ಅಲ್ಲಿದ್ದರೆ ಅವರ ಕಾಲು ಕ್ಲಚ್ಚಿಗೂ ಬ್ರೇಕಿಗೂ ಎಟುಕುವುದಿಲ್ಲ.

ನಾನು ವೆಲ್ಡರನ್ನು ಕೂಗಿದೆ. ಅವನು ಬಂದು ಮಂಡಿಯೂರಿ ಟಾರ್ಚ್ ಬಿಟ್ಟು, ಲಾಕಿನ ಸನ್ನೆಯನ್ನು ಬೆರಳಲ್ಲಿ ಎತ್ತಿ ಇಳಿಸಿದ. ಹಳಿಯ ಅಂಚಿನಲ್ಲಿ ಗರಗಸದಂತೆ ಹಲ್ಲುಗಳಿರಬೇಕು, ಸನ್ನೆ ಅವುಗಳಲ್ಲಿ ಕಚ್ಚಿಕೊಳ್ಳಬೇಕು.

“ಪಲ್ಲು ಮುಳುವನ್ ಪೋಯಿ, ಚೇಚೀ. ಒಂದು ಹಲ್ಲೂ ಇಲ್ಲ. ಈ ಮರ ಮಾತ್ರ ಹಿಡಿದಿತ್ತು.”

“ಮರ ಹ್ಯಾಗೆ ಬಿತ್ತು?”

ಅವನು ತುಂಡನ್ನು ಹಳಿಯೊಳಗೆ ಇಟ್ಟು ತೋರಿಸಿದ. ಸುತ್ತ ಜಾಗ ಉಳಿಯುತ್ತಿತ್ತು. “ಮಳೇಲಿ ಊದ್ಕೊಂಡು ಟೈಟ್ ಇತ್ತು. ಈಗ ಹಿಮದ ಕಾಲ, ಒಣಗಿ ಸಣ್ಣ ಆಯ್ತು. ಏರು ಹತ್ತುವಾಗ ಗಾಡಿ ಅದುರಿತು, ಮರ ಬಿತ್ತು, ಸೀಟು ಹೋಯ್ತು.” ಟಾರ್ಚ್ ಆರಿಸಿ, “ಅಣ್ಣ ಮಲಗಿರಲಿಲ್ಲ ಚೇಚೀ” ಎಂದ.

ವೆಲ್ಡರ್ ಹಳಿಯನ್ನು ಕತ್ತರಿಸಿ ತೆಗೆದುಕೊಟ್ಟ. ಆ ಸಂಜೆ ನನ್ನ ಮೈದುನನಿಗೆ ಆ ತುಂಡನ್ನೂ ಹಳಿಯನ್ನೂ ತೋರಿಸಿದೆ. ಅವನೂ ಗಾಡಿ ಓಡಿಸುವವನು. ನೋಡಿ ಅತ್ತ. ಆಮೇಲೆ ಮುಖ ಒರೆಸಿಕೊಂಡು ಹೇಳಿದ: “ಅತ್ತಿಗೆ, ಇದ ಯಾರಿಗೂ ಹೇಳಬ್ಯಾಡಿ.”

“ಯಾಕಪ್ಪ? ನಿಮ್ಮಣ್ಣ ತೂಕಡಿಸ್ಲಿಲ್ಲ ಅಂತ ಗೊತ್ತಾಗ್ಲಿ.”

“ಗೊತ್ತಾಯ್ತದೆ. ಆಮ್ಯಾಕೆ ಏನಂತಾರೆ? ಲಂಗ ಇಲ್ದಿದ್ರೆ ಮರ ಸಡ್ಲ ಆಗಿದ್ದು ಕಾಣ್ತಿತ್ತು ಅಂತಾರೆ. ಯಾರು ಹಾಕಿದ್ದು ಲಂಗ? ನಿಮ್ ಮ್ಯಾಲೇ ಬತ್ತದೆ. ಅವ್ವನ ಕಿವೀಗೆ ಬಿದ್ರೆ ಏನ್ ಮಾಡೀರಿ?”

ಅವನು ಹೇಳಿದ್ದು ನನ್ನ ಒಳ್ಳೆಯದಕ್ಕೆ. ನಾನು ಎರಡು ದಿನ ಸುಮ್ಮನಿದ್ದೆ. ಗುಜರಿಯವನು ಬಂದು ಗಾಡಿ ಒಯ್ದ. ಹಳಿ, ಮರದ ತುಂಡು, ಹಸಿರು ಕವರ್ ನನ್ನ ಹತ್ತಿರ ಉಳಿದವು.

ಮೂರನೆಯ ದಿನ ಅಂಗಡಿ ತೆರೆದೆ. ಗೋಡೆಯ ಮೊಳೆಯಲ್ಲಿ ಕಾಗದದ ಅಚ್ಚುಗಳು ತೂಗುತ್ತಿದ್ದವು. ಹಳೆಯ ಗಾಡಿಗಳಲ್ಲಿ ಒಂದರ ಸೀಟು ಇನ್ನೊಂದರ ಹಾಗಿರುವುದಿಲ್ಲ. ಒಡೆದದ್ದು, ಬೆಸೆದದ್ದು, ಬೇರೆ ಗಾಡಿಯಿಂದ ತಂದು ಕೂರಿಸಿದ್ದು. ಆದ್ದರಿಂದ ಒಂದೊಂದಕ್ಕೂ ಕಂದು ಕಾಗದದಲ್ಲಿ ಅಚ್ಚು ಕತ್ತರಿಸಿ, ಹಟ್ಟಿಯ ಹೆಸರು, ಗಾಡಿಯ ಬಣ್ಣ ಬರೆದು ಇಡುತ್ತಿದ್ದೆ. ಒಂದೊಂದನ್ನೇ ತೆಗೆದು ನೋಡಿದೆ. ನಮ್ಮ ಗಾಡಿಯದನ್ನು ತೆಗೆದಿಟ್ಟ ಮೇಲೆ ಲಂಗದ ಅಚ್ಚು ಹದಿನೇಳು ಉಳಿದವು. ಅಷ್ಟು ಗಾಡಿಗಳು ಆ ಹೊತ್ತಿಗೆ ಎಲ್ಲೋ ಏರು ಹತ್ತುತ್ತಿರುತ್ತವೆ, ಹಿಮದ ಕಾಲ ಇನ್ನೂ ಮುಗಿದಿಲ್ಲ ಎನ್ನುವುದು ತಲೆಗೆ ಬಂತು. ಆಮೇಲೆ ಕೂತಿರಲು ಆಗಲಿಲ್ಲ.

ಮೊದಲು ಹತ್ತಿರದವರಿಗೆ ಫೋನ್ ಮಾಡಿದೆ. ನಿಜವನ್ನೆಲ್ಲ ಹೇಳಲಿಲ್ಲ. ಸೀಟಿನಡಿಯ ಮರ ಸಡಿಲವಾಗಿದೆಯೇ ನೋಡಿಕೊಳ್ಳಿ, ಲಂಗ ಬಿಚ್ಚಿಸಿಕೊಳ್ಳಿ ಎಂದಷ್ಟೇ ಹೇಳಿದೆ. ಇಬ್ಬರು ಸುತ್ತಿಗೆ ತೆಗೆದುಕೊಂಡು ಮರವನ್ನು ಇನ್ನೆರಡು ಏಟು ಬಡಿದು, ಆಯಿತಮ್ಮ, ಸರಿ ಹೋಯಿತು ಎಂದರು. ಲಂಗ ಹಾಗೇ ಇತ್ತು. ಒಬ್ಬ ಡ್ರೈವರ್, ವಯಸ್ಸಿನಲ್ಲಿ ನನಗಿಂತ ಚಿಕ್ಕವನು, ಚಹಾ ಅಂಗಡಿಯ ಮುಂದೆ ನಾಲ್ಕು ಜನರೆದುರು, “ಲಂಗ ಹಾಕಿದವಳೇ ಬಿಚ್ಚಕ್ಕೆ ಬಂದವಳೆ ನೋಡ್ರೋ, ಗಾಡಿ ಮಾನ ಏನಾಗಬೇಕು” ಎಂದ. ಎಲ್ಲರೂ ನಕ್ಕರು. ಬೇರೆ ದಿನವಾಗಿದ್ದರೆ ನಾನೂ ನಗುತ್ತಿದ್ದೆ. ನನ್ನ ಮುಖ ನೋಡಿ ಅವನೇ ನಗು ನಿಲ್ಲಿಸಿ, “ತಪ್ಪು ತಿಳೀಬೇಡಕ್ಕ. ಅಣ್ಣಂಗೆ ನಿದ್ದೆ ಎಳೀತು, ನೀ ಯಾಕೆ ಸೀಟಿನ ಮೇಲೆ ಹಾಕ್ತೀಯ?” ಎಂದ. ನಾನು ಅಲ್ಲಿಂದ ಬಂದುಬಿಟ್ಟೆ. ಕೊಡಬೇಕಾದ ಉತ್ತರ ಬಾಯಲ್ಲೇ ಇತ್ತು.

ಮಾರನೆಯ ದಿನ ಹಳಿ ಮತ್ತು ಮರದ ತುಂಡನ್ನು ಚೀಲದಲ್ಲಿ ಹಾಕಿಕೊಂಡು ಸೋಲೂರಿನ ಬಸ್ ಹತ್ತಿದೆ. ಅಲ್ಲೊಂದು ಹಟ್ಟಿಯಲ್ಲಿ ಒಬ್ಬ ಹಿರಿಯ ಗೌಡರಿದ್ದಾರೆ. ಸಣ್ಣ ಚಹಾ ತೋಟ, ಹಳೆಯ ನೀಲಿ ಪಿಕಪ್, ಎಪ್ಪತ್ತು ದಾಟಿದರೂ ತಾವೇ ಓಡಿಸುತ್ತಾರೆ. ನಮ್ಮವರಿಗೆ ಈ ಬೆಟ್ಟದಲ್ಲಿ ಗಾಡಿ ಹೊಡೆಯುವುದನ್ನು ಹೇಳಿಕೊಟ್ಟವರು ಅವರೇ. ನಾವು ಗುಂಡ್ಲುಪೇಟೆ ಕಡೆಯಿಂದ ಬಂದವರು, ನಮ್ಮವರಿಗೆ ಆಗ ಏರು ಇಳುಕಲು ಗೊತ್ತಿರಲಿಲ್ಲ. ಆ ಹಟ್ಟಿಗಳಲ್ಲಿ ಗೌಡರು ಒಪ್ಪಿದ್ದನ್ನು ಮಿಕ್ಕವರೂ ಒಪ್ಪುತ್ತಾರೆ.

ನಾನು ಹೋದಾಗ ಅವರು ಅಂಗಳದ ಬಿಸಿಲಲ್ಲಿ ಕೂತಿದ್ದರು. ಅಲ್ಲಿನ ಪದ್ಧತಿಯಂತೆ ತಲೆ ಬಾಗಿಸಿದೆ. ಅವರು ನನ್ನ ತಲೆ ಮುಟ್ಟಿ ಬದುಕು ಬದುಕು ಎಂದು ಹರಸಿದರು. ನಮ್ಮ ಜೊತೆ ಮಾತಾಡುವಾಗ ಅವರು ತಮ್ಮ ಬಡಗ ಮಾತನ್ನು ಸ್ವಲ್ಪ ಕನ್ನಡದ ಕಡೆ ತಿರುಗಿಸುತ್ತಾರೆ.

“ಕುಳಿ, ಕೂಸೇ. ಚಾ ಕುಡಿ.”

“ಗೌಡರೇ, ನಿಮ್ಮ ಗಾಡಿ ಸೀಟಿನ ಲಂಗ ಬಿಚ್ಚಬೇಕು. ಅಡಿಯ ಮರನೂ ತೆಗೀಬೇಕು.”

ಅವರು ನಕ್ಕರು. “ಎನ್ನ ಗಾಡಿಗೆ ಏನಾತು? ಆ ಮರ ಚಾ ಗಿಡದ್ದು. ಎನ್ನ ಅಪ್ಪ ನೆಟ್ಟ ಗಿಡ. ನಾ ಸತ್ತರೂ ಅದು ಇದ್ದೇ ಇರುವದು. ನೀ ಕಲಿಸಬೇಡ.”

“ಸಡ್ಲ ಆಗಿರ್ತದೆ.”

“ಆಗದು. ಎಷ್ಟು ಜನಕೆ ಕೊಟ್ಟಿದ್ದೇನೆ ನಾನು. ಯಾರ ಸೀಟೂ ಜಾರಲಿಲ್ಲ.”

ನಾನು ಹಳಿಯನ್ನು ಅವರ ಮುಂದೆ ಇಟ್ಟೆ. ಅದರೊಳಗೆ ತುಂಡನ್ನು ಇಟ್ಟೆ. ಅದು ತಾನಾಗಿ ಹೊರಳಿ ನೆಲಕ್ಕೆ ಬಿತ್ತು. ಅವರು ಅದನ್ನೇ ನೋಡಿದರು. ಆಗ ನಾನು ವೆಲ್ಡರಿಗೂ ಮೈದುನನಿಗೂ ಹೇಳದೇ ಇದ್ದದ್ದನ್ನು ಹೇಳಿದೆ.

“ಗೌಡರೇ, ಅವತ್ತು ಬೆಳಿಗ್ಗೆ ಲಂಗದ ಮೂಲೆ ಹೊಲ್ದೋಳು ನಾನೇ. ಸೂಜಿ ಈ ಮರಕ್ಕೆ ತಾಗ್ತು. ತಾಗ್ದಾಗ ಇದು ಅಲುಗ್ತು. ಗಟ್ಟಿ ಇದ್ದಿದ್ರೆ ಸೂಜಿಗೆ ಅಲುಗ್ತಿತ್ತಾ? ನನಗೆ ಗೊತ್ತಾಯ್ತು. ಚಳಿ, ಕೈ ಸೆಟೆದಿತ್ತು, ಅವರು ಹೊತ್ತಾಯ್ತು ಅಂತಿದ್ರು. ಭಾನುವಾರ ನೋಡನ ಅಂದ್ಕಂಡು ಗಂಟು ಹಾಕ್ಬುಟ್ಟೆ. ಲಂಗ ಬಿಚ್ಚೋಗಂಟ ಅದು ನೆನಪಿಗೇ ಬರ್ಲಿಲ್ಲ.”

ಗೌಡರು ಮುಂದಕ್ಕೆ ಬಾಗಿದರು. ತುಂಡನ್ನು ಎತ್ತಿಕೊಂಡು ಹೆಬ್ಬೆರಳಿನಿಂದ ಅದರ ಮೈ ಸವರಿದರು. ಒಂದು ಬದಿಯಲ್ಲಿ ಕತ್ತಿಯ ಮೂರು ಗೆರೆಗಳಿದ್ದವು.

“ಇದು ಎನ್ನ ಕತ್ತಿ” ಎಂದರು. “ಇದ ಕಡಿದು ಕೊಟ್ಟವ ನಾನು. ಮಳೆಗಾಲದಲ್ಲಿ ಕೊಟ್ಟೆ. ಹಸಿ ಇತ್ತು. ಹಸಿ ತುಂಡು ಬಡಿಯಬಾರದು ಎಂದು ಎನಗೆ ತಿಳಿಯದಾ? ತಿಳಿಯುವದು. ಅವನಿಗೆ ಅವಸರ, ಎನಗೂ ಅವಸರ.”

ಆಮೇಲೆ ಎದ್ದು ಒಳಗೆ ಹೋದರು. ಸಿಟ್ಟಾದರೆಂದುಕೊಂಡೆ. ಕತ್ತಿ ಹಿಡಿದು ಬಂದರು. ನೀಲಿ ಪಿಕಪ್ಪಿನ ಬಾಗಿಲು ತೆರೆದು, ಆ ವಯಸ್ಸಿನಲ್ಲಿ ಮಣ್ಣಿನ ಮೇಲೆ ಮಂಡಿಯೂರಿ, ನಾನು ಹೊಲಿದ ಲಂಗವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸೀಳಿದರು. ಒಳಗೆ ಕೈ ಹಾಕಿ ಮರವನ್ನು ಎರಡು ಬೆರಳಲ್ಲಿ ಹಿಡಿದು ಎಳೆದರು. ಅದು ಏನೂ ತಡೆಯದೆ ಬಂತು.

ಅದನ್ನು ಕೈಯಲ್ಲಿ ಹಿಡಿದು ನನ್ನ ಕಡೆ ತಿರುಗಿದರು. “ಯಾರ ಯಾರ ಗಾಡಿ ಇದೆ ಹೇಳು. ನಾ ಬರುತ್ತೇನೆ.”

ಆ ದಿನದಿಂದ ಕೆಲಸ ಶುರುವಾಯಿತು. ಗೌಡರು ಹಟ್ಟಿಗಳಿಗೆ ಬಂದು ಎರಡೇ ಮಾತು ಹೇಳುತ್ತಿದ್ದರು: ಹಸಿ ಮರ ಕೊಟ್ಟವನು ನಾನು, ನನ್ನ ಗಾಡಿಯದನ್ನು ನಾನೇ ಕಿತ್ತಿದ್ದೇನೆ. ಅದರ ಮೇಲೆ ನಾನು ಸೂಜಿಯ ವಿಷಯ ಹೇಳುತ್ತಿದ್ದೆ. ಪ್ರತಿ ಸಲವೂ ಹೇಳಿದೆ. ಮೊದಲ ಎರಡು ಸಲ ತಡವರಿಸಿದೆ, ಆಮೇಲೆ ಹೇಳಲು ಬಂತು. ಯಾರೂ ನನ್ನನ್ನು ಬೈಯಲಿಲ್ಲ. ಒಂದು ಮನೆಯಲ್ಲಿ ಡ್ರೈವರನ ಹೆಂಡತಿ ಒಳಗೆ ಹೋಗಿ ಗಾಡಿಯ ಕೀಲಿ ತಂದು ನನ್ನ ಕೈಯಲ್ಲಿಟ್ಟಳು. ಚಹಾ ಅಂಗಡಿಯಲ್ಲಿ ನಕ್ಕವನು ತಾನೇ ಗಾಡಿ ತಂದು ಶೆಡ್ಡಿನ ಮುಂದೆ ನಿಲ್ಲಿಸಿ, ನನ್ನ ಮುಖ ನೋಡದೆ, ಎಷ್ಟು ಹೊತ್ತಾದರೂ ಪರವಾಗಿಲ್ಲಕ್ಕ ಎಂದ.

ಹಳಿ ಬಿಚ್ಚುವುದೇ ಕಷ್ಟವಾಗಿತ್ತು. ನೆಲಕ್ಕೆ ಕೂರಿಸಿದ ನಾಲ್ಕು ಬೋಲ್ಟುಗಳು ತುಕ್ಕು ಹಿಡಿದು ತಿರುಗುತ್ತಿರಲಿಲ್ಲ. ಸೀಮೆಎಣ್ಣೆ ಬಿಟ್ಟು ಮಾರನೆಯ ದಿನ ನೋಡಬೇಕು, ಆಗಲೂ ಬಾರದಿದ್ದರೆ ತಲೆ ಕತ್ತರಿಸಬೇಕು. ಸೀಟು ಹೊರಗೆ ಬಂದ ಮೇಲೆ ವೆಲ್ಡರ್ ಸಣ್ಣ ಸುತ್ತಿಗೆಯಿಂದ ನೆಲವನ್ನು ತಟ್ಟುತ್ತಾ ಹೋಗುತ್ತಿದ್ದ. ಗಟ್ಟಿ ತಗಡು ಠಣ್ ಎನ್ನುತ್ತದೆ, ತುಕ್ಕು ತಿಂದದ್ದು ದಡ್ ಎನ್ನುತ್ತದೆ. ದಡ್ ಎಂದ ಕಡೆ ಅಡಿಯಿಂದ ದಪ್ಪ ಪಟ್ಟಿ ಕೊಟ್ಟು ಬೋಲ್ಟನ್ನು ಅದರ ಮೂಲಕ ಬಿಗಿಯಬೇಕಾಗುತ್ತಿತ್ತು. ಒಂದು ಗಾಡಿಯಲ್ಲಿ ಸುತ್ತಿಗೆ ನೆಲವನ್ನೇ ತೂತು ಮಾಡಿ ಕೆಳಗಿನ ರಸ್ತೆ ಕಾಣಿಸಿತು. ಗಾಡಿಯ ಯಜಮಾನ ಇಣುಕಿ ನೋಡಿ, “ಇಷ್ಟು ದಿನ ನಾನು ಕೂತಿದ್ದು ಇದರ ಮೇಲಾ?” ಎಂದು ತಾನೇ ತನ್ನನ್ನು ಕೇಳಿಕೊಂಡ.

ಅಷ್ಟು ಹಳೆಯ ಗಾಡಿಗಳಿಗೆ ಹೊಸ ಹಳಿ ಸಿಗುವುದಿಲ್ಲ. ಊಟಿಯಲ್ಲಿ, ಕೂನೂರಿನಲ್ಲಿ ಕೇಳಿದೆವು, ಇಲ್ಲ. ಗುಜರಿಯಿಂದ ತಂದರೆ ಅದರ ಹಲ್ಲೂ ಸವೆದಿರುತ್ತದೆ. ವೆಲ್ಡರ್ ಮೊದಲು ಹಳಿಯನ್ನು ಒಂದೇ ಕಡೆ ಬೆಸೆದುಬಿಡೋಣವೆಂದ. ಅದು ಆಗಲಿಲ್ಲ. ಇಲ್ಲಿ ಒಂದು ಗಾಡಿಯನ್ನು ಅಣ್ಣ ತಮ್ಮ ಇಬ್ಬರೂ ಓಡಿಸುತ್ತಾರೆ, ಅಪ್ಪನೂ ಓಡಿಸುತ್ತಾನೆ. ಉದ್ದ ಕಾಲಿನವನಿಗೆ ಕೂರಿಸಿ ಬೆಸೆದರೆ ಗಿಡ್ಡ ಕಾಲಿನವನಿಗೆ ಬ್ರೇಕ್ ಎಟುಕುವುದಿಲ್ಲ. 

ಕೊನೆಗೆ ಅವನು ಎರಡೂ ಹಳಿಗಳ ಪಕ್ಕದಲ್ಲಿ ಮೂರು ಮೂರು ತೂತು ಕೊರೆದ. ಸೀಟನ್ನು ಬೇಕಾದಲ್ಲಿಗೆ ತಂದು, ಎಡಕ್ಕೊಂದು ಬಲಕ್ಕೊಂದು ಬೋಲ್ಟ್ ತೂರಿಸಿ, ಎರಡೆರಡು ನಟ್ ಬಿಗಿಯುವುದು. ಕೂರುವವರು ಬದಲಾದರೆ ಸ್ಪ್ಯಾನರ್ ಹಿಡಿದು ಐದು ನಿಮಿಷ ಕೆಲಸ. ಮೊದಲನೆಯ ಗಾಡಿಯಲ್ಲಿ ಒಂದೇ ಕಡೆ ಬೋಲ್ಟ್ ಹಾಕಿ ನೋಡಿದೆವು. ಸೀಟು ಓರೆಯಾಗಿ ತಿರುಗಿತು. ಅದನ್ನು ಬಿಚ್ಚಿ ಮತ್ತೆ ಮಾಡಬೇಕಾಯಿತು.

ಪರೀಕ್ಷೆಗೆ ನಾನೇ ಕೂರುತ್ತಿದ್ದೆ. ಸೀಟಿನಲ್ಲಿ ಕೂತು, ಎರಡೂ ಕಾಲನ್ನು ಎದುರಿನ ತಗಡಿಗೆ ಒತ್ತಿ, ಬೆನ್ನಿನಿಂದ ಇದ್ದಬದ್ದ ಬಲವೆಲ್ಲ ಹಾಕಿ ಹಿಂದಕ್ಕೆ ತಳ್ಳುತ್ತಿದ್ದೆ. ವೆಲ್ಡರ್ ಕೆಳಗೆ ಹಳಿಯ ಮೇಲೆ ಬೆರಳಿಟ್ಟು ಕೂತಿರುತ್ತಿದ್ದ. ಅವನು “ಇಲ್ಲ ಚೇಚೀ, ಅಲುಗಲಿಲ್ಲ” ಎಂದ ಮೇಲೆ ಇಳಿಯುತ್ತಿದ್ದೆ. ಒಂದೊಂದು ಸಲ ಅವನು ಹೇಳಿದ ಮೇಲೂ ಇನ್ನೊಮ್ಮೆ ತಳ್ಳುತ್ತಿದ್ದೆ.

ಕವರ್ ನಾನು ಹೊಸದಾಗಿ ಹೊಲಿದೆ. ಲಂಗ ಈಗ ಹಳಿಗಿಂತ ನಾಲ್ಕು ಬೆರಳು ಮೇಲೆಯೇ ನಿಲ್ಲುತ್ತದೆ. ಬಗ್ಗಿ ನೋಡಿದರೆ ಬೋಲ್ಟು, ನಟ್ಟು, ತುಕ್ಕು ಎಲ್ಲ ಕಾಣುತ್ತದೆ. ಎಲೆಚೂರು ಒಳಗೆ ಹೋಗುತ್ತದೆ. ಅದಕ್ಕೆಂದು ಪ್ರತಿ ಗಾಡಿಗೂ ಒಂದು ಬಣ್ಣ ಹೊಡೆಯುವ ಬ್ರಷ್ ಕೊಟ್ಟು, ವಾರಕ್ಕೊಮ್ಮೆ ಗುಡಿಸಿ ಎಂದೆ. ಕೆಲವರು ಗುಡಿಸುತ್ತಾರೆ. ಗಾಡಿ ಮುಗಿದಂತೆ ಅದರ ಕಾಗದದ ಅಚ್ಚಿನ ಕೆಳಭಾಗವನ್ನು ಕತ್ತರಿಸಿ ಬೇರೆ ಮೊಳೆಗೆ ಹಾಕಿದೆ. ಕತ್ತರಿಸಿದ ಪಟ್ಟಿಗಳನ್ನು ಒಲೆಗೆ ಹಾಕಿದೆ.

ಮೈದುನ ಒಂದು ತಿಂಗಳು ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಅತ್ತೆಯ ಕಿವಿಗೂ ವಿಷಯ ಬಿತ್ತು. ಅವರು ನನ್ನನ್ನು ಕರೆದು ಸೂಜಿ ತಾಗಿದ್ದು ನಿಜವೇ ಎಂದು ಕೇಳಿದರು. ನಿಜ ಎಂದೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು, “ಅವನು ನಿದ್ದೆ ಮಾಡ್ಲಿಲ್ಲ ಅಂತೀಯ” ಎಂದರು. ಇಲ್ಲ ಅತ್ತೆ ಎಂದೆ. ಅಷ್ಟೇ. ಅವರು ಆಮೇಲೆ ಆ ಮಾತೆತ್ತಲಿಲ್ಲ. ಸರ್ಕಾರಿ ಕಾಗದದಲ್ಲಿ ಬರೆದದ್ದು ಈಗಲೂ ಡ್ರೈವರನ ಅಜಾಗರೂಕತೆ ಎಂದೇ ಇದೆ.

ಮಳೆ ಹಿಡಿಯುವ ಹೊತ್ತಿಗೆ ಹದಿನಾರು ಗಾಡಿ ಮುಗಿದವು. ಒಂದು ಉಳಿಯಿತು. ಬಿಳಿ ಗಾಡಿ, ಕಂದು ಸೀಟು. ಅದರ ಯಜಮಾನ ಗಾಡಿಯನ್ನು ಮಸಿನಗುಡಿ ಕಡೆಯವರಿಗೆ ಮಾರಿ, ತಾನು ಮಗಳ ಮನೆಗೆ ಹೋಗಿದ್ದ. ಕೊಂಡವರ ಹೆಸರು ಅವನಿಗೆ ನೆನಪಿರಲಿಲ್ಲ. ನಾನು ಕಲ್ಲಟ್ಟಿ ಘಾಟಿ ಇಳಿಯುವ ಬಸ್ಸಿನಲ್ಲಿ ಮಸಿನಗುಡಿಗೆ ಹೋದೆ. ಆ ತಿರುವುಗಳಲ್ಲಿ ಡ್ರೈವರನ ಕಾಲನ್ನೇ ನೋಡುತ್ತಾ ಕೂತಿದ್ದೆ.

ಜೀಪು ನಿಲ್ಲುವಲ್ಲಿ ಕೇಳಿದಾಗ ಒಬ್ಬ ಡ್ರೈವರಿಗೆ ನೆನಪಿತ್ತು. “ಬಿಳಿ ಗಾಡಿನಾ ಅಕ್ಕಾ? ಸೀಟಿಗೆ ಪಾವಾಡೆ ಉಡಿಸಿದ್ರಲ್ಲ, ಅದೇ ತಾನೆ? ನಾವೆಲ್ಲ ನಗ್ತಿದ್ವಿ. ರೆಸಾರ್ಟಿಗೆ ನೀರಿನ ಡ್ರಮ್ ಹೊಡೀತಿತ್ತು.”

“ಈಗ ಎಲ್ಲದೆ?”

“ಬೇಸಿಗೇಲೇ ಮಾರಿಬಿಟ್ರು. ಗೂಡಲೂರು ಕಡೆ ಹೋಯ್ತು ಅಂತಾರೆ. ಕೇರಳಕ್ಕೆ ಅಂತಾನೂ ಅಂತಾರೆ. ಯಾಕಕ್ಕ, ನಿಮ್ಮದಾ ಗಾಡಿ?”

ಆ ಪಾವಾಡೆ, ಅಂದರೆ ಲಂಗ, ನನ್ನದು ಎಂದೆ. ಅವನು ನಗಲು ಹೋಗಿ, ತಡೆದುಕೊಂಡ. ನಾನು ಸೂಜಿಯ ವಿಷಯವನ್ನು ಅವನಿಗೂ ಹೇಳಿ, ನನ್ನ ಫೋನ್ ನಂಬರ್ ಬರೆದುಕೊಟ್ಟೆ. ಗೂಡಲೂರಿನಲ್ಲಿ ವೆಲ್ಡರನ ಅಣ್ಣ ಎರಡು ಸಲ ಗ್ಯಾರೇಜುಗಳಲ್ಲಿ ವಿಚಾರಿಸಿದ. ನಾನೂ ಒಮ್ಮೆ ಹೋಗಿ ಬಂದೆ. ದಾರಿಯಲ್ಲಿ ಬಿಳಿ ಪಿಕಪ್ ಕಂಡಾಗಲೆಲ್ಲ ಈಗಲೂ ಕೈ ಅಡ್ಡ ಹಿಡಿದು ನಿಲ್ಲಿಸಿ ಸೀಟಿನ ಬಣ್ಣ ನೋಡುತ್ತೇನೆ.

ಹಿಮದ ಕಾಲ ಮತ್ತೆ ಶುರುವಾಗಿದೆ. ಗೋಡೆಯ ಹಳೆಯ ಮೊಳೆಯಲ್ಲಿ ಒಂದೇ ಒಂದು ಅಚ್ಚು ಉಳಿದಿದೆ, ನೆಲ ಮುಟ್ಟುವಷ್ಟು ಉದ್ದದ್ದು. ಆ ಬಿಳಿ ಗಾಡಿ ಇನ್ನೂ ಸಿಕ್ಕಿಲ್ಲ.